ಬೇಬ್ ರೂತ್ ಹಾಳೂರಿನ ಗೌಡನೇ? ಜಗಳವೆಲ್ಲ ಛೇದದಲ್ಲಿದೆ

1936ರಲ್ಲಿ ಅಮೆರಿಕದ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ಮೊದಲ ಸಲ ಮತದಾನ ನಡೆಯಿತು. ಮತ ಹಾಕಿದವರು 226 ಮಂದಿ ಪತ್ರಕರ್ತರು. ಅತಿ ಹೆಚ್ಚು ಮತ ಬಿದ್ದದ್ದು ಬೇಬ್ ರೂತ್‌ಗೆ ಅಲ್ಲ, ಟೈ ಕಾಬ್‌ಗೆ. ಕಾಬ್ 222, ರೂತ್ 215, ಹೋನಸ್ ವ್ಯಾಗ್ನರ್ ಕೂಡ 215. ಒಬ್ಬೊಬ್ಬರು ಹತ್ತು ಹೆಸರು ಬರೆಯಬಹುದಿತ್ತು. ಅಂದರೆ ರೂತ್ ಆಟವನ್ನು ಕಣ್ಣಾರೆ ಕಂಡಿದ್ದ 11 ಮಂದಿ ಅವರನ್ನು ತಮ್ಮ ಹತ್ತರ ಪಟ್ಟಿಗೂ ಸೇರಿಸಿರಲಿಲ್ಲ. 714 ಹೋಮ್ ರನ್ (ಬೇಲಿ ದಾಟುವ, ನಮ್ಮ ಸಿಕ್ಸರ್‌ನಂಥ ಹೊಡೆತ) ಹೊಡೆದು ನಿವೃತ್ತರಾದ ಆಟಗಾರನಿಗೆ, ನಿವೃತ್ತಿಯಾಗಿ ಇನ್ನೂ ವರ್ಷ ತುಂಬುವ ಮೊದಲೇ ಸಿಕ್ಕ ತೀರ್ಪು ಇದು.

ಮುಂದೆ ಅಭಿಪ್ರಾಯ ತಿರುಗಿತು. ಹಲವು ದಶಕಗಳ ಕಾಲ 'ಎಲ್ಲ ಕಾಲದ ಶ್ರೇಷ್ಠ ಯಾರು' ಎಂದು ಕೇಳಿದರೆ ರೂತ್ ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಈಗ ಅದು ಮತ್ತೆ ಅಲುಗಾಡುತ್ತಿದೆ, ಎರಡು ಕಾರಣಕ್ಕೆ. 2024ರ ಮೇ ತಿಂಗಳಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಆಡಳಿತವು ಕಪ್ಪು ಆಟಗಾರರು ಪ್ರತ್ಯೇಕವಾಗಿ ಆಡಬೇಕಾಗಿದ್ದ, 1920ರಿಂದ 1948ರವರೆಗಿನ ಏಳು ನೀಗ್ರೋ ಲೀಗ್‌ಗಳ ಅಂಕಿಅಂಶಗಳನ್ನು ತನ್ನ ಅಧಿಕೃತ ದಾಖಲೆಗೆ ಸೇರಿಸಿಕೊಂಡಿತು. ಜಾಶ್ ಗಿಬ್ಸನ್ ಎಂಬ ಕ್ಯಾಚರ್ (ಕ್ರಿಕೆಟ್‌ನ ವಿಕೆಟ್‌ಕೀಪರ್‌ನಂಥ ಸ್ಥಾನ) ಒಂದೇ ದಿನದಲ್ಲಿ ಕಾಬ್‌ರ ಬ್ಯಾಟಿಂಗ್ ಸರಾಸರಿಯನ್ನೂ ರೂತ್‌ರ ಸ್ಲಗಿಂಗ್ ದಾಖಲೆಯನ್ನೂ ದಾಟಿದರು. ಎರಡನೆಯ ಕಾರಣ ಜಪಾನಿನ ಶೋಹೆ ಒಟಾನಿ. ಬ್ಯಾಟಿಂಗ್ ಮತ್ತು ಪಿಚಿಂಗ್ (ಚೆಂಡೆಸೆತ) ಎರಡರಲ್ಲೂ ಮೇಲ್ಮಟ್ಟದಲ್ಲಿ ಆಡಬಲ್ಲವರು ರೂತ್ ಒಬ್ಬರೇ ಎಂಬ ಮಾತನ್ನು ಅವರು ಹಳತು ಮಾಡಿದರು.

ಈ ಚರ್ಚೆಯಲ್ಲಿ ಎರಡೂ ಕಡೆಯವರು ಸಾಮಾನ್ಯವಾಗಿ ಒಂದೇ ತಪ್ಪು ಮಾಡುತ್ತಾರೆ. ಶ್ರೇಷ್ಠತೆಯನ್ನು ಒಂದು ಭಿನ್ನರಾಶಿ ಎಂದುಕೊಳ್ಳಿ: ಮೇಲಿನ ಅಂಶ ಆಟಗಾರನ ಸಾಧನೆ, ಕೆಳಗಿನ ಛೇದ ಅವನ ಎದುರಾಳಿಗಳ ಮಟ್ಟ. ರೂತ್ ಅಭಿಮಾನಿಗಳು ಅಂಶವನ್ನು ತೋರಿಸಿ ಮಾತು ಮುಗಿಸುತ್ತಾರೆ. ವಿರೋಧಿಗಳು 'ಹಾಳೂರಿಗೆ ಉಳಿದವನೇ ಗೌಡ' ಎಂದು ಛೇದದತ್ತ ಬೆರಳು ಮಾಡಿ ಹೊರಟುಬಿಡುತ್ತಾರೆ. ಅಂಶದ ಬಗ್ಗೆ ಇಂದು ಗಂಭೀರ ವಿವಾದವೇ ಇಲ್ಲ. ವಿವಾದವಿರುವುದು ಛೇದದಲ್ಲಿ, ಮತ್ತು ಅದನ್ನು ಅಳೆಯುವ ದಾರಿಗಳು ಸಾಕಷ್ಟಿವೆ.

ಕ್ರಿಕೆಟ್ ಬಲ್ಲವರಿಗೆ ನಾಲ್ಕು ಪದಗಳ ಪರಿಚಯ ಸಾಕು. ಬ್ಯಾಟಿಂಗ್ ಸರಾಸರಿ ಎಂದರೆ ಅಧಿಕೃತ ಬ್ಯಾಟಿಂಗ್ ಅವಕಾಶಗಳಲ್ಲಿ ಎಷ್ಟು ಪಾಲು ಹಿಟ್ ಆಯಿತು ಎಂಬುದು, 0.300 ಇದ್ದರೆ ಒಳ್ಳೆಯದು. ನಾಲ್ಕು ಕೆಟ್ಟ ಎಸೆತ ಬಿದ್ದಾಗ ಸಿಗುವ ಉಚಿತ ಬೇಸ್‌ಗೆ ವಾಕ್ ಎನ್ನುತ್ತಾರೆ; ಅದನ್ನೂ ಸೇರಿಸಿದರೆ ಬರುವುದು ಆನ್-ಬೇಸ್ ಪ್ರಮಾಣ. ಹಿಟ್‌ನ ತೂಕವನ್ನು ಲೆಕ್ಕ ಹಾಕುವುದು ಸ್ಲಗಿಂಗ್: ಸಿಂಗಲ್‌ಗೆ ಒಂದು, ಡಬಲ್‌ಗೆ ಎರಡು, ಟ್ರಿಪಲ್‌ಗೆ ಮೂರು, ಹೋಮ್ ರನ್‌ಗೆ ನಾಲ್ಕು, ಒಟ್ಟನ್ನು ಅವಕಾಶಗಳಿಂದ ಭಾಗಿಸಬೇಕು. ಆನ್-ಬೇಸ್ ಮತ್ತು ಸ್ಲಗಿಂಗ್ ಕೂಡಿಸಿದರೆ ಒಪಿಎಸ್. ರೂತ್‌ರ ಜೀವಮಾನದ ಅಂಕಿ ಹೀಗಿದೆ: ಸರಾಸರಿ 0.342, ಆನ್-ಬೇಸ್ 0.474, ಸ್ಲಗಿಂಗ್ 0.690.

ಅಂಶ: ಒಬ್ಬ ಆಟಗಾರ, ಒಂದು ತಂಡದಷ್ಟು

1919ರಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಪರ ರೂತ್ 29 ಹೋಮ್ ರನ್ ಹೊಡೆದರು. ಮೇಜರ್ ಲೀಗ್‌ನ ಎರಡು ಲೀಗ್‌ಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನಲ್ಲಿ (ಇನ್ನೊಂದು ನ್ಯಾಷನಲ್ ಲೀಗ್) ಅವರ ನಂತರದವರು ಹೊಡೆದದ್ದು 10. ಆ ಡಿಸೆಂಬರ್‌ನಲ್ಲಿ ಅವರನ್ನು 1,00,000 ಡಾಲರ್‌ಗೆ ನ್ಯೂಯಾರ್ಕ್ ಯಾಂಕೀಸ್‌ಗೆ ಮಾರಲಾಯಿತು. 1920ರಲ್ಲಿ 54. ಎರಡನೆಯ ಸ್ಥಾನದ ಜಾರ್ಜ್ ಸಿಸ್ಲರ್ 19. ಎರಡೂ ಲೀಗ್ ಸೇರಿ ಉಳಿದ 15 ತಂಡಗಳಲ್ಲಿ ರೂತ್ ಒಬ್ಬರಿಗಿಂತ ಹೆಚ್ಚು ಹೋಮ್ ರನ್ ಹೊಡೆದ ತಂಡ ಒಂದೇ ಒಂದು, ಫಿಲಡೆಲ್ಫಿಯಾ ಫಿಲ್ಲೀಸ್, 64. 1921ರಲ್ಲಿ 59, 1927ರಲ್ಲಿ 60.

ಈ ಅಂಕಿಗಳ ವಿರುದ್ಧ ಮೊದಲು ಬರುವ ಆಕ್ಷೇಪ ಬೇಲಿಯದ್ದು. ಚಿನ್ನಸ್ವಾಮಿಯಲ್ಲಿ ಬಾರಿಸಿದ ಸಿಕ್ಸರ್‌ಗಳನ್ನು 'ಅದು ಸಣ್ಣ ಮೈದಾನ ಬಿಡಿ' ಎಂದು ತಳ್ಳಿಹಾಕುವ ಮಾತು ನಮಗೆ ಹೊಸದಲ್ಲ. ಬೇಸ್‌ಬಾಲ್‌ನಲ್ಲಿ ಇದು ಇನ್ನೂ ದೊಡ್ಡ ಸಮಸ್ಯೆ, ಏಕೆಂದರೆ ಬೇಲಿಯ ದೂರ ಮೈದಾನದಿಂದ ಮೈದಾನಕ್ಕೆ ಬೇರೆ. ರೂತ್ ಎಡಗೈ ಬ್ಯಾಟರ್. ಜೋರಾಗಿ ಎಳೆದು ಹೊಡೆದ ಚೆಂಡು ಬಲಬದಿಗೆ ಹೋಗುತ್ತದೆ. 1920ರಿಂದ 1922ರವರೆಗೆ ಯಾಂಕೀಸ್ ಆಡುತ್ತಿದ್ದ ಪೋಲೋ ಗ್ರೌಂಡ್ಸ್‌ನಲ್ಲಿ ಬಲಗೆರೆಯ ಬೇಲಿ 258 ಅಡಿ ದೂರದಲ್ಲಷ್ಟೇ ಇತ್ತು. 1923ರಲ್ಲಿ ತೆರೆದ ಯಾಂಕೀ ಸ್ಟೇಡಿಯಂನಲ್ಲಿ 295 ಅಡಿ.

ಸಣ್ಣ ಬೇಲಿ ದಾಖಲೆಯನ್ನು ಹೇಗೆ ಕೆಡಿಸುತ್ತದೆ ಎಂಬುದಕ್ಕೆ ರೂತ್‌ಗಿಂತ ಮೊದಲಿನ ದಾಖಲೆಯೇ ಸಾಕ್ಷಿ. 1884ರಲ್ಲಿ ಶಿಕಾಗೋದ ನೆಡ್ ವಿಲಿಯಮ್ಸನ್ 27 ಹೋಮ್ ರನ್ ಹೊಡೆದರು. ಅವರ ಮೈದಾನದ ಬೇಲಿ ಇನ್ನೂರು ಅಡಿಗೂ ಹತ್ತಿರವಿತ್ತು. ಹಿಂದಿನ ವರ್ಷದವರೆಗೆ ಅದನ್ನು ದಾಟಿದ ಚೆಂಡಿಗೆ ಡಬಲ್ ಮಾತ್ರ ಕೊಡುತ್ತಿದ್ದರು; ಆ ವರ್ಷ ನಿಯಮ ಬದಲಾಯಿಸಿ ಹೋಮ್ ರನ್ ಎಂದರು. 27ರಲ್ಲಿ 25 ತವರಿನಲ್ಲೇ ಬಂದವು.

ಹಾಗಾಗಿ ಪರೀಕ್ಷೆ ಸರಳ: ತವರಿನದ್ದೆಷ್ಟು, ಹೊರಗಿನದ್ದೆಷ್ಟು ಎಂದು ಬೇರ್ಪಡಿಸುವುದು. ರೂತ್‌ರ 714ರಲ್ಲಿ ತವರಿನವು 347, ಹೊರಗಿನವು 367. 1927ರ 60ರಲ್ಲಿ 28 ತವರಿನವು, 32 ಹೊರಗಿನವು. ಬಾಸ್ಟನ್‌ನಲ್ಲಿದ್ದಾಗಲಂತೂ ಫೆನ್‌ವೇ ಪಾರ್ಕ್‌ನ ವಿಶಾಲ ಬಲಬದಿ ಅವರಿಗೆ ನಷ್ಟವನ್ನೇ ಮಾಡಿತು. 1919ರ 29ರಲ್ಲಿ 20 ಹೊರಗಿನವು. ಬೇಲಿಯ ವಾದ ಇಲ್ಲಿಗೆ ಮುಗಿಯಬೇಕು. ಆದರೂ ಪ್ರತಿ ಚರ್ಚೆಯಲ್ಲೂ ಅದು ಮತ್ತೆ ಎದ್ದು ಬರುತ್ತದೆ.

ಎರಡನೆಯ ಆಕ್ಷೇಪ ಚೆಂಡಿನದ್ದು, ಇದಕ್ಕೆ ಸ್ವಲ್ಪ ಹೆಚ್ಚು ತೂಕವಿದೆ. 1920ಕ್ಕೆ ಮೊದಲು ಒಂದೇ ಚೆಂಡನ್ನು ಪಂದ್ಯದುದ್ದಕ್ಕೂ ಬಳಸುತ್ತಿದ್ದರು. ಪಿಚರ್‌ಗಳು ಅದಕ್ಕೆ ಉಗುಳು, ತಂಬಾಕಿನ ರಸ, ಮಣ್ಣು ಮೆತ್ತುತ್ತಿದ್ದರು. ಸಂಜೆಯ ಹೊತ್ತಿಗೆ ಅದು ಮೆತ್ತಗಾಗಿ ಕಪ್ಪಾಗುತ್ತಿತ್ತು. 1920ರ ಆರಂಭದಲ್ಲಿ ಉಗುಳು ಹಚ್ಚಿದ ಎಸೆತಕ್ಕೆ ನಿಷೇಧ ಬಂತು, ಆಗಲೇ ಅದನ್ನೇ ನಂಬಿ ಬದುಕುತ್ತಿದ್ದ 17 ಪಿಚರ್‌ಗಳಿಗೆ ಮಾತ್ರ ವಿನಾಯಿತಿ ಸಿಕ್ಕಿತು. ಆಗಸ್ಟ್ 16ರಂದು ಯಾಂಕೀಸ್‌ನ ಕಾರ್ಲ್ ಮೇಸ್ ಎಸೆದ ಚೆಂಡು ಕ್ಲೀವ್‌ಲ್ಯಾಂಡ್‌ನ ರೇ ಚಾಪ್‌ಮನ್ ತಲೆಗೆ ಬಡಿಯಿತು. ಮರುದಿನ ಅವರು ತೀರಿಕೊಂಡರು. ಅಲ್ಲಿಂದ ಅಂಪೈರ್‌ಗಳು ಕೊಳೆಯಾದ ಚೆಂಡನ್ನು ಪದೇ ಪದೇ ಬದಲಿಸತೊಡಗಿದರು. ಬಿಳಿ ಚೆಂಡು, ಗಟ್ಟಿ ಚೆಂಡು. ಅಮೆರಿಕನ್ ಲೀಗ್‌ನ ಒಟ್ಟು ಬ್ಯಾಟಿಂಗ್ ಸರಾಸರಿ 1919ರ 0.268ರಿಂದ 1921ರಲ್ಲಿ 0.292ಕ್ಕೆ ಏರಿತು.

ಇದರಿಂದ ರೂತ್‌ಗೆ ಲಾಭವಾಯಿತೇ? ಖಂಡಿತ. ಆದರೆ ಅದೇ ಚೆಂಡು ಉಳಿದ ಎಲ್ಲ ಬ್ಯಾಟರ್‌ಗಳಿಗೂ ಸಿಕ್ಕಿತ್ತು, ಅವರ ನಡುವಿನ ಅಂತರ ಮಾತ್ರ ಕುಗ್ಗಲಿಲ್ಲ. ಮೇಲಾಗಿ 29ರ ದಾಖಲೆ ಬಂದದ್ದು ಹಳೆಯ ಚೆಂಡಿನ ಕೊನೆಯ ವರ್ಷದಲ್ಲಿ.

ಹಳೆಯ ನಿಯಮಗಳು ಅವರಿಂದ ಕಿತ್ತುಕೊಂಡದ್ದೂ ಇದೆ. 1920ಕ್ಕೆ ಮೊದಲು, ತವರು ತಂಡವು ಕೊನೆಯ ಸರದಿಯಲ್ಲಿ ಗೆಲ್ಲುವ ರನ್ ದಾಟಿದ ಕ್ಷಣಕ್ಕೆ ಪಂದ್ಯ ಮುಗಿಯಿತೆಂದೇ ಲೆಕ್ಕ. 1918ರ ಜುಲೈ 8ರಂದು ಫೆನ್‌ವೇಯಲ್ಲಿ ಕ್ಲೀವ್‌ಲ್ಯಾಂಡ್ ವಿರುದ್ಧ ಹತ್ತನೆಯ ಇನಿಂಗ್ಸ್‌ನಲ್ಲಿ ರೂತ್ ಚೆಂಡನ್ನು ಬಲಬದಿಯ ಪ್ರೇಕ್ಷಕರ ನಡುವೆ ಹಾಕಿದರು. ಮೊದಲ ಬೇಸ್‌ನಲ್ಲಿದ್ದ ಸಹ ಆಟಗಾರ ಮನೆ ಮುಟ್ಟಿ ರನ್ ಗಳಿಸಲು ಮೂರು ಬೇಸ್ ಸಾಕಿತ್ತು, ಹಾಗಾಗಿ ಅದು ಪುಸ್ತಕದಲ್ಲಿ ಟ್ರಿಪಲ್. 1960ರ ದಶಕದ ಕೊನೆಯಲ್ಲಿ ದಾಖಲೆ ಸಮಿತಿಯೊಂದು ಇಂಥ ಹೊಡೆತಗಳನ್ನು ಹೋಮ್ ರನ್ ಎಂದು ತಿದ್ದಲು ಹೊರಟು, ಆಮೇಲೆ ಹಿಂದೆ ಸರಿಯಿತು. ಇಲ್ಲವಾಗಿದ್ದರೆ ಹ್ಯಾಂಕ್ ಆರನ್ 1974ರ ಏಪ್ರಿಲ್ 8ರಂದು ಹೊಡೆದ 715ನೆಯ ಹೋಮ್ ರನ್ ರೂತ್‌ರನ್ನು ಹಿಂದಿಕ್ಕುತ್ತಿರಲಿಲ್ಲ, ಸಮಗಟ್ಟುತ್ತಿತ್ತು ಅಷ್ಟೆ.

ಲೆಕ್ಕದ ಉಪಕರಣಗಳು ಎಲ್ಲಿ ಮುಗ್ಗರಿಸುತ್ತವೆ

ಬೇರೆ ಬೇರೆ ಕಾಲದ ಬ್ಯಾಟರ್‌ಗಳನ್ನು ಹೋಲಿಸಲು ಹೆಚ್ಚು ಬಳಕೆಯಲ್ಲಿರುವುದು ಒಪಿಎಸ್ ಪ್ಲಸ್. ಆಟಗಾರನ ಆನ್-ಬೇಸ್ ಪ್ರಮಾಣವನ್ನು ಆ ವರ್ಷದ ಲೀಗ್ ಪ್ರಮಾಣದಿಂದ ಭಾಗಿಸಿ, ಸ್ಲಗಿಂಗ್ ಅನ್ನೂ ಹಾಗೆಯೇ ಭಾಗಿಸಿ, ಎರಡನ್ನೂ ಕೂಡಿಸಿ, ಒಂದನ್ನು ಕಳೆದು, ನೂರರಿಂದ ಗುಣಿಸುತ್ತಾರೆ. ತವರು ಮೈದಾನ ಬ್ಯಾಟರ್‌ಗೆ ಅನುಕೂಲವೋ ಪ್ರತಿಕೂಲವೋ ನೋಡಿ ಸರಿದೂಗಿಸುತ್ತಾರೆ. ಉದಾಹರಣೆಗೆ ಲೀಗ್ ಆನ್-ಬೇಸ್ 0.350, ಸ್ಲಗಿಂಗ್ 0.400 ಇದ್ದು, ಆಟಗಾರನದ್ದು 0.420 ಮತ್ತು 0.560 ಇದ್ದರೆ, 1.20 ಮತ್ತು 1.40 ಸೇರಿ 2.60, ಒಂದು ಕಳೆದರೆ 1.60, ಅಂದರೆ 160. ಸರಾಸರಿ ಆಟಗಾರನಿಗೆ ಯಾವಾಗಲೂ 100. ರೂತ್‌ರ ಜೀವಮಾನದ ಅಂಕಿ 206. ಎರಡನೆಯ ಸ್ಥಾನದ ಮಾತು ಬಂದಾಗ ಹೆಚ್ಚಾಗಿ ಹೆಸರಿಸುವ ಟೆಡ್ ವಿಲಿಯಮ್ಸ್‌ರದ್ದು 191, ಬ್ಯಾರಿ ಬಾಂಡ್ಸ್‌ರದ್ದು 182.

ಇಲ್ಲಿ ಹಲವರು ಎಡವುತ್ತಾರೆ. ಭಾಗಾಕಾರದ ಕೆಳಗಿರುವುದು ಆ ವರ್ಷದ ಲೀಗ್ ಸರಾಸರಿ. ಲೀಗ್‌ನ ಮಟ್ಟವೇ ತಗ್ಗಿದ್ದರೆ 206 ತಾನಾಗಿ ಉಬ್ಬುತ್ತದೆ, ಸೂತ್ರಕ್ಕೆ ಅದು ಗೊತ್ತಾಗುವುದಿಲ್ಲ. ವಾರ್ ಎಂಬ ಇನ್ನೊಂದು ಜನಪ್ರಿಯ ಅಳತೆಗೂ ಇದೇ ದೌರ್ಬಲ್ಯ. ಸುಲಭವಾಗಿ ಸಿಗುವ ಬದಲಿ ಆಟಗಾರನಿಗಿಂತ ಇವನಿಂದ ಎಷ್ಟು ಹೆಚ್ಚು ಗೆಲುವು ಎಂದು ಅದು ಲೆಕ್ಕಿಸುತ್ತದೆ. ರೂತ್ 182ರ ಸುಮಾರಿನಲ್ಲಿ ಎಲ್ಲರಿಗಿಂತ ಮೇಲಿದ್ದಾರೆ, ಅದರಲ್ಲಿ 20ರಷ್ಟು ಪಿಚಿಂಗ್‌ನಿಂದ ಬಂದದ್ದು. ಆದರೆ 1920ರ 'ಬದಲಿ ಆಟಗಾರ' ಮತ್ತು ಇಂದಿನ 'ಬದಲಿ ಆಟಗಾರ' ಒಂದೇ ತೂಕದವರಲ್ಲ.

ಇನ್ನೊಂದು ಜನಪ್ರಿಯ ವಾದ ಲೀಗ್‌ನ ಒಟ್ಟು ಪಾಲಿನದ್ದು. 1927ರಲ್ಲಿ ಅಮೆರಿಕನ್ ಲೀಗ್‌ನ 439 ಹೋಮ್ ರನ್‌ಗಳಲ್ಲಿ 60 ರೂತ್‌ರವು, ಶೇ 13.7. ಇಂದು ಯಾರೂ ಅದರ ಹತ್ತಿರಕ್ಕೂ ಬರುವುದಿಲ್ಲ ಎಂದು ಹೇಳುತ್ತಾರೆ. ನಿಜ, ಆದರೆ ಆಗ ಲೀಗ್‌ನಲ್ಲಿ 8 ತಂಡ. ತಂಡ ಹೆಚ್ಚಿದಷ್ಟೂ ಒಬ್ಬನ ಪಾಲು ಕುಗ್ಗಲೇಬೇಕು. ಸರಿಯಾದ ಹೋಲಿಕೆ ಒಂದು ತಂಡದ ಸರಾಸರಿಯೊಂದಿಗೆ. 439ನ್ನು 8ರಿಂದ ಭಾಗಿಸಿದರೆ ತಂಡಕ್ಕೆ 55. ರೂತ್‌ರ 60 ಅದರ ಒಂದು ಪಟ್ಟಿಗಿಂತ ತುಸು ಹೆಚ್ಚು. 2022ರಲ್ಲಿ 30 ತಂಡಗಳು ಸೇರಿ 5,215, ತಂಡಕ್ಕೆ ಸುಮಾರು 174. ಆ ವರ್ಷ ಆರನ್ ಜಡ್ಜ್ ಹೊಡೆದ 62 ಅದರ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಮೇಲೆ. ರೂತ್‌ಗೆ ಸಮನಾಗಲು ಜಡ್ಜ್ 190 ಹೊಡೆಯಬೇಕಿತ್ತು.

190 ಹೋಮ್ ರನ್ ಎಂಬ ಹುಚ್ಚು ಸಂಖ್ಯೆಯೇ ನಿಜವಾದ ವಿವರಣೆಯನ್ನು ಬಿಟ್ಟುಕೊಡುತ್ತದೆ. ರೂತ್ ತಮ್ಮ ಕಾಲದವರಿಗಿಂತ ಬಲಶಾಲಿ ಮಾತ್ರ ಆಗಿರಲಿಲ್ಲ, ಅವರು ಆಡುತ್ತಿದ್ದುದೇ ಬೇರೆ ಆಟ. ಕಾಬ್ ಕಾಲದ ವಿದ್ಯೆ ಎಂದರೆ ಬ್ಯಾಟನ್ನು ಮೇಲಕ್ಕೆ ಹಿಡಿದು, ಕೈಗಳ ನಡುವೆ ಅಂತರ ಬಿಟ್ಟು, ಚೆಂಡನ್ನು ಖಾಲಿ ಜಾಗಕ್ಕೆ ತಟ್ಟಿ ಓಡುವುದು. ರೂತ್ ಹಿಡಿಯ ತುದಿಯನ್ನೇ ಹಿಡಿದು, ಮೇಲ್ಮುಖವಾಗಿ, ಪೂರ್ತಿ ದೇಹದಿಂದ ಬೀಸಿದರು. ಅವರ ಬ್ಯಾಟ್ ಒಂದು ಕಾಲಕ್ಕೆ 54 ಔನ್ಸ್ ಇತ್ತು, ಸುಮಾರು ಒಂದೂವರೆ ಕಿಲೋ; ನಂತರ 40ಕ್ಕಿಳಿಯಿತು. ಇಂದಿನ ಬ್ಯಾಟ್ 32 ಔನ್ಸ್ ಆಸುಪಾಸು. ಸ್ಟ್ರೈಕ್‌ಔಟ್ ಆಗುವುದನ್ನು, ಅಂದರೆ ಮೂರು ಸ್ಟ್ರೈಕ್ ಬಿದ್ದು ಔಟಾಗುವುದನ್ನು, ಅವಮಾನವೆಂದು ಬಗೆಯುತ್ತಿದ್ದ ಕಾಲದಲ್ಲಿ ಅವರು 1,330 ಸಲ ಸ್ಟ್ರೈಕ್‌ಔಟ್ ಆದರು, 2,062 ವಾಕ್ ಗಳಿಸಿದರು. ಉಳಿದವರು ಈ ವಿದ್ಯೆ ಕಲಿಯಲು ಹತ್ತು ವರ್ಷ ಹಿಡಿಯಿತು. 1920ರ ಅಂತರದಲ್ಲಿ ಒಂದಷ್ಟು ಪಾಲು ಮೊದಲು ಕಂಡುಕೊಂಡವನ ಲಾಭ. ಕಾಬ್‌ಗೂ ಅದು ಬರುತ್ತಿತ್ತೋ ಏನೋ: 1925ರ ಮೇ 5ರಂದು ಸೇಂಟ್ ಲೂಯಿಸ್‌ನಲ್ಲಿ ಅವರು ಮೂರು ಹೋಮ್ ರನ್ ಹೊಡೆದು, ಮರುದಿನ ಇನ್ನೆರಡು ಸೇರಿಸಿ, ಮತ್ತೆ ತಮ್ಮ ಹಳೆಯ ಆಟಕ್ಕೇ ಮರಳಿದರು.

ಛೇದ: ಎದುರಿಗೆ ಯಾರಿದ್ದರು, ಯಾರಿರಲಿಲ್ಲ

1920ರಲ್ಲಿ ಮೇಜರ್ ಲೀಗ್ ಎಂದರೆ 16 ತಂಡ, ಸುಮಾರು 400 ಆಟಗಾರರು, ಬಾಸ್ಟನ್‌ನಿಂದ ಸೇಂಟ್ ಲೂಯಿಸ್‌ವರೆಗಿನ ಹತ್ತು ನಗರಗಳು. ದೇಶದ ಜನಸಂಖ್ಯೆ ಸುಮಾರು 10.6 ಕೋಟಿ. ಅದರಲ್ಲಿ ಹತ್ತನೆಯ ಒಂದು ಭಾಗದಷ್ಟಿದ್ದ ಕಪ್ಪು ಜನಾಂಗಕ್ಕೆ ಬಾಗಿಲು ಮುಚ್ಚಿತ್ತು.

'ಹತ್ತನೆಯ ಒಂದು ಭಾಗ ತಾನೇ' ಎಂದು ರೂತ್ ಪಕ್ಷದವರು ಹೇಳುವುದುಂಟು. ಜನಸಂಖ್ಯೆಯ ಪಾಲನ್ನು ಪ್ರತಿಭೆಯ ಪಾಲು ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಆ ಬಾಗಿಲು ತೆರೆದ ಕಪ್ಪು ಆಟಗಾರ ಜಾಕಿ ರಾಬಿನ್ಸನ್ 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ಪರ ಕಣಕ್ಕಿಳಿದ ಮೇಲೆ ಏನಾಯಿತು ನೋಡಿ. 1949ರಿಂದ 1959ರವರೆಗಿನ 11 ವರ್ಷಗಳಲ್ಲಿ ನ್ಯಾಷನಲ್ ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ 9 ಸಲ ಕಪ್ಪು ಆಟಗಾರರಿಗೆ ಹೋಯಿತು: ರಾಬಿನ್ಸನ್ ಒಮ್ಮೆ, ರಾಯ್ ಕ್ಯಾಂಪನೆಲ್ಲಾ ಮೂರು ಸಲ, ವಿಲ್ಲಿ ಮೇಸ್, ಡಾನ್ ನ್ಯೂಕಂಬ್, ಹ್ಯಾಂಕ್ ಆರನ್ ಒಂದೊಂದು, ಅರ್ನಿ ಬ್ಯಾಂಕ್ಸ್ ಎರಡು. ಅದೂ ತಂಡಗಳು ಅವರನ್ನು ಬೆರಳೆಣಿಕೆಯಲ್ಲಿ ಸೇರಿಸಿಕೊಳ್ಳುತ್ತಿದ್ದ ಕಾಲ. ರೂತ್ ಎದುರಿಸದೆ ಹೋದವರು ಲೀಗ್‌ನ ಸಾಮಾನ್ಯ ಹತ್ತನೆಯ ಭಾಗವಲ್ಲ, ಮೇಲ್ಪದರದ ದೊಡ್ಡ ತುಣುಕು. ಸ್ಯಾಚೆಲ್ ಪೇಜ್‌ನಂಥ ಪಿಚರ್‌ಗೆ ಮೇಜರ್ ಲೀಗ್‌ನಲ್ಲಿ ಎಸೆಯಲು ಅವಕಾಶ ಸಿಕ್ಕದ್ದು 1948ರಲ್ಲಿ, 42ರ ವಯಸ್ಸಿನಲ್ಲಿ.

ಬಿಳಿಯರ ಪೈಕಿಯೂ ಎಲ್ಲ ಪ್ರತಿಭೆ ಮೇಜರ್ ಲೀಗ್‌ನಲ್ಲಿ ಇರಲಿಲ್ಲ, ಇದನ್ನು ಕಡಿಮೆ ಜನ ಗಮನಿಸುತ್ತಾರೆ. ಆಗ ಕೆಳಹಂತದ ತಂಡಗಳು ಸ್ವತಂತ್ರ ಮಾಲೀಕರವು. ಒಳ್ಳೆಯ ಆಟಗಾರನನ್ನು ಬಿಟ್ಟುಕೊಡಲೇಬೇಕೆಂಬ ಒತ್ತಾಯವಿರಲಿಲ್ಲ. ಬಾಲ್ಟಿಮೋರ್ ಓರಿಯೋಲ್ಸ್‌ನ ಜ್ಯಾಕ್ ಡನ್ 1914ರಲ್ಲಿ ರೂತ್‌ರನ್ನು ಮಾರಿದವರು. ಅವರೇ ಎಡಗೈ ಪಿಚರ್ ಲೆಫ್ಟಿ ಗ್ರೋವ್‌ರನ್ನು 1920ರಿಂದ 1924ರವರೆಗೆ ತಮ್ಮಲ್ಲೇ ಇಟ್ಟುಕೊಂಡರು. ಕೊನೆಗೆ ಮಾರಿದ್ದು 1,00,600 ಡಾಲರ್‌ಗೆ. ರೂತ್‌ರ ಮಾರಾಟ ಬೆಲೆಗಿಂತ 600 ಹೆಚ್ಚಿರಲೆಂದು. ಮುಂದೆ 300 ಗೆಲುವು ಕಂಡ ಪಿಚರ್ ಮೇಜರ್ ಲೀಗ್ ಬ್ಯಾಟರ್‌ಗಳನ್ನು ಎದುರಿಸಲು ಶುರು ಮಾಡಿದ್ದು 25ರ ವಯಸ್ಸಿನಲ್ಲಿ.

ಆಡುವ ಪರಿಸ್ಥಿತಿಯೂ ಬೇರೆ. 154 ಪಂದ್ಯ, ಏಳೇ ಎದುರಾಳಿಗಳು, ಪ್ರತಿಯೊಬ್ಬರೊಂದಿಗೆ 22. ವರ್ಷವಿಡೀ ಅದೇ ಕೆಲವು ಡಜನ್ ಪಿಚರ್‌ಗಳು. ಅವರಲ್ಲಿ ಸರಿಸುಮಾರು ಅರ್ಧದಷ್ಟು ಸಲ ಆರಂಭಿಸಿದವನೇ ಪಂದ್ಯ ಮುಗಿಸುತ್ತಿದ್ದ. ನಾಲ್ಕನೆಯ ಸಲ ಎದುರಾಗುವ ಹೊತ್ತಿಗೆ ಪಿಚರ್ ದಣಿದಿರುತ್ತಾನೆ, ಬ್ಯಾಟರ್‌ಗೆ ಅವನ ಎಸೆತಗಳ ಗುಟ್ಟು ತಿಳಿದಿರುತ್ತದೆ. ಇಂದು 30 ತಂಡಗಳೂ ಸೇರಿ ವರ್ಷಕ್ಕೆ ಅಂಥ ಪೂರ್ಣ ಪಂದ್ಯಗಳು ಮೂವತ್ತರ ಆಸುಪಾಸು. ಏಳನೆಯ ಇನಿಂಗ್ಸ್‌ಗೆ ಹೊಸ ತೋಳು, ಎಂಟನೆಯದಕ್ಕೆ ಇನ್ನೊಂದು. ಮೇಜರ್ ಲೀಗ್‌ನ ಮೊದಲ ರಾತ್ರಿ ಪಂದ್ಯ 1935ರ ಮೇ 24ರಂದು ಸಿನ್ಸಿನಾಟಿಯಲ್ಲಿ ನಡೆಯಿತು. ಮರುದಿನ ಹಗಲಿನಲ್ಲಿ, ಪಿಟ್ಸ್‌ಬರ್ಗ್‌ನಲ್ಲಿ, ರೂತ್ ತಮ್ಮ ಕೊನೆಯ ಮೂರು ಹೋಮ್ ರನ್ ಹೊಡೆದರು.

ವೇಗದ ವಿಚಾರಕ್ಕೆ ಬಂದರೆ ಎಚ್ಚರ ಬೇಕು. ಆ ಕಾಲದ ಅತಿ ವೇಗದ ಪಿಚರ್ ವಾಲ್ಟರ್ ಜಾನ್ಸನ್‌ರ ಎಸೆತವನ್ನು 1912ರಲ್ಲಿ ಕನೆಕ್ಟಿಕಟ್‌ನ ಬಂದೂಕು ಕಾರ್ಖಾನೆಯೊಂದರಲ್ಲಿ ಗುಂಡಿನ ವೇಗ ಅಳೆಯುವ ಯಂತ್ರದಿಂದ ಅಳೆದರು: ಸೆಕೆಂಡಿಗೆ 122 ಅಡಿ, ಗಂಟೆಗೆ ಸುಮಾರು 134 ಕಿಲೋಮೀಟರ್. ಇಂದಿನ ಸಾಧಾರಣ ಫಾಸ್ಟ್‌ಬಾಲ್ 151. ಇವೆರಡನ್ನೂ ನೇರವಾಗಿ ಪಕ್ಕದಲ್ಲಿಡುವುದು ತಪ್ಪು. ಇಂದಿನ ಯಂತ್ರ ಚೆಂಡು ಕೈಬಿಟ್ಟ ಕ್ಷಣದ ವೇಗ ಹೇಳುತ್ತದೆ. ಹಳೆಯದು ಹಾದಿಯ ಕೊನೆಯಲ್ಲಿ ಅಳೆಯಿತು, ಅಷ್ಟರಲ್ಲಿ ಗಾಳಿಯ ತಡೆಗೆ ಚೆಂಡು ಹತ್ತು ಪ್ರತಿಶತದ ಹತ್ತಿರ ವೇಗ ಕಳೆದುಕೊಂಡಿರುತ್ತದೆ. ಸರಿದೂಗಿಸಿದರೆ ಜಾನ್ಸನ್ ಇಂದಿನ ಸಾಧಾರಣ ಪಿಚರ್‌ನ ಹತ್ತಿರಕ್ಕೆ ಬರುತ್ತಾರೆ. ಆದರೆ ಆ ಕಾಲಕ್ಕೆ ಅವರು ಅಪವಾದ; ಈ ಕಾಲಕ್ಕೆ ಅದು ಕೆಲಸ ಸಿಗಲು ಬೇಕಾದ ಕನಿಷ್ಠ ಅರ್ಹತೆ.

ಮಟ್ಟ ಏರಿದಾಗ ಅಂಕಿಗಳಿಗೆ ಏನಾಗುತ್ತದೆ ಎಂಬುದನ್ನು ಜೀವವಿಕಾಸ ವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್ ಚೆನ್ನಾಗಿ ವಿವರಿಸಿದ್ದರು. 1941ರಲ್ಲಿ ಟೆಡ್ ವಿಲಿಯಮ್ಸ್ 0.406 ಹೊಡೆದ ನಂತರ ಆ ಲೀಗ್‌ಗಳಲ್ಲಿ ಯಾರೂ 0.400 ಮುಟ್ಟಿಲ್ಲ. ಬ್ಯಾಟರ್‌ಗಳು ಕೆಟ್ಟರೆಂದಲ್ಲ, ಎಲ್ಲರೂ ಮಾನವ ಸಾಮರ್ಥ್ಯದ ಮೇಲ್ಮಿತಿಯತ್ತ ಸರಿದಾಗ ದುರ್ಬಲರು ಉದುರಿಹೋಗುತ್ತಾರೆ, ಅತ್ಯುತ್ತಮ ಮತ್ತು ಸರಾಸರಿಯ ನಡುವಿನ ಅಂತರ ಕಿರಿದಾಗುತ್ತದೆ. ಹಾಗಾಗಿ 206 ಎಂಬ ಅಂಕಿಯಲ್ಲಿ ರೂತ್ ಎಷ್ಟು ಎತ್ತರ ಎಂಬುದರ ಜೊತೆಗೆ ಅವರ ಲೀಗ್ ಎಷ್ಟು ಏರುಪೇರಾಗಿತ್ತು ಎಂಬುದೂ ಸೇರಿದೆ.

ರೂತ್ ಪಕ್ಷದವರ ಒಂದು ಮಾತಿಗೆ ಮಾತ್ರ ಮನ್ನಣೆ ಕೊಡಲೇಬೇಕು. 1920ರಲ್ಲಿ ಕಸುವುಳ್ಳ ಅಮೆರಿಕನ್ ಹುಡುಗನಿಗೆ ಒಳ್ಳೆಯ ಸಂಬಳ ಕೊಡುವ ತಂಡ ಕ್ರೀಡೆ ಬೇಸ್‌ಬಾಲ್ ಒಂದೇ. ಇಂದು ಫುಟ್‌ಬಾಲ್, ಬಾಸ್ಕೆಟ್‌ಬಾಲ್ ಅವರಲ್ಲಿ ಬಹಳ ಮಂದಿಯನ್ನು ಸೆಳೆದುಕೊಳ್ಳುತ್ತವೆ. ಆದರೆ ಡೊಮಿನಿಕನ್ ಗಣರಾಜ್ಯ, ವೆನಿಜುವೆಲಾ, ಕ್ಯೂಬಾ, ಜಪಾನ್, ಕೊರಿಯಾಗಳಿಂದ ಬರುವವರು ಆ ನಷ್ಟವನ್ನು ತುಂಬಿ ಮಿಗಿಸಿದ್ದಾರೆ. 1934ರಲ್ಲಿ ರೂತ್ ಇದ್ದ ಅಮೆರಿಕನ್ ತಾರಾ ತಂಡ ಜಪಾನ್ ಪ್ರವಾಸ ಮಾಡಿತು. ನವೆಂಬರ್ 20ರಂದು ಶಿಜುವೋಕಾದಲ್ಲಿ ಏಜಿ ಸವಾಮುರಾ ಎಂಬ 17 ವರ್ಷದ ಹುಡುಗ ಚಾರ್ಲಿ ಗೆರಿಂಜರ್, ರೂತ್, ಲೂ ಗೆರಿಗ್, ಜಿಮ್ಮಿ ಫಾಕ್ಸ್ ನಾಲ್ವರನ್ನೂ ಒಬ್ಬರ ಹಿಂದೊಬ್ಬರಂತೆ ಸ್ಟ್ರೈಕ್‌ಔಟ್ ಮಾಡಿದ. ಗೆರಿಗ್‌ರ ಒಂದು ಹೋಮ್ ರನ್‌ನಿಂದ 1-0 ಅಂತರದಲ್ಲಿ ಸೋತ. ಒಂದು ಪಂದ್ಯದಿಂದ ಏನೂ ಸಾಬೀತಾಗದು, ಅದೇ ಪ್ರವಾಸದಲ್ಲಿ ರೂತ್ 13 ಹೋಮ್ ರನ್ ಹೊಡೆದರು. ಆದರೂ 16 ತಂಡಗಳ ಆಚೆ ಯಾರಿದ್ದರು ಎಂಬುದರ ಒಂದು ಮಿಂಚು ಅದು.

ಒಟಾನಿ ಹೋಲಿಕೆ

ಒಂದು ವಿಚಿತ್ರ ಹೊಂದಾಣಿಕೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಎರಡೂ ಕೆಲಸ ಮಾಡಿದ 1918ರಲ್ಲಿ ರೂತ್ 166⅓ ಇನಿಂಗ್ಸ್ ಎಸೆದರು; 2022ರಲ್ಲಿ ಒಟಾನಿ 166. ರೂತ್ 13 ಗೆಲುವು, 7 ಸೋಲು, ಒಂಬತ್ತು ಇನಿಂಗ್ಸ್‌ಗೆ ಕೊಟ್ಟ ರನ್ ಸರಾಸರಿ 2.22, ಹೋಮ್ ರನ್ 11. ಒಟಾನಿ 15 ಗೆಲುವು, 9 ಸೋಲು, 2.33, ಹೋಮ್ ರನ್ 34. ಪಿಚಿಂಗ್‌ನಲ್ಲಿ ಬೇರೆಯಾಗುವುದು ಒಂದೇ ಸಾಲು: ರೂತ್ ಸ್ಟ್ರೈಕ್‌ಔಟ್ ಮಾಡಿದ್ದು 40, ಒಟಾನಿ 219. ಆಗಿನ ಬ್ಯಾಟರ್ ತಟ್ಟಿ ಆಡುತ್ತಿದ್ದ, ಪಿಚರ್ ಕ್ಷೇತ್ರರಕ್ಷಕರನ್ನು ನಂಬಿ ಎಸೆಯುತ್ತಿದ್ದ. 1918ರ ಆ 11 ಹೋಮ್ ರನ್ ಲೀಗ್‌ನಲ್ಲೇ ಅತಿ ಹೆಚ್ಚು (ಟಿಲ್ಲಿ ವಾಕರ್ ಜೊತೆ ಸಮ), ಯುದ್ಧದ ಕಾರಣಕ್ಕೆ ಮೊಟಕಾದ ಋತುವಿನಲ್ಲಿ.

ಪಿಚರ್ ಆಗಿ ರೂತ್ ಆಟ ತೋರಿಕೆಯದ್ದಾಗಿರಲಿಲ್ಲ. ಜೀವಮಾನದಲ್ಲಿ 94 ಗೆಲುವು, 46 ಸೋಲು. 1916ರಲ್ಲಿ 323⅔ ಇನಿಂಗ್ಸ್‌ಗಳಲ್ಲಿ 1.75 ಸರಾಸರಿ, ಒಂದೂ ಹೋಮ್ ರನ್ ಬಿಟ್ಟುಕೊಡಲಿಲ್ಲ. ಎರಡು ಲೀಗ್‌ಗಳ ವಿಜೇತರ ನಡುವಿನ ವರ್ಲ್ಡ್ ಸೀರೀಸ್‌ನಲ್ಲಿ ಸತತ 29⅔ ಇನಿಂಗ್ಸ್ ರನ್ ಕೊಡದ ದಾಖಲೆ 1961ರವರೆಗೆ ನಿಂತಿತು. ಆದರೆ ಎರಡನ್ನೂ ಒಟ್ಟಿಗೆ ಪೂರ್ಣಾವಧಿ ಮಾಡಿದ್ದು ಎರಡೇ ಋತು, 1918 ಮತ್ತು 1919. ಅನಂತರ ಯಾಂಕೀಸ್‌ನಲ್ಲಿ 15 ವರ್ಷಗಳಲ್ಲಿ ಅವರು ಎಸೆದದ್ದು ಐದು ಪಂದ್ಯ. ಈ ಒಂದು ವಿಭಾಗದಲ್ಲಿ ಒಟಾನಿ ರೂತ್‌ರನ್ನು ದಾಟಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. 2025ರ ಅಕ್ಟೋಬರ್ 17ರಂದು ನ್ಯಾಷನಲ್ ಲೀಗ್ ಅಂತಿಮ ಸರಣಿಯಲ್ಲಿ ಒಟಾನಿ ರನ್ ಕೊಡದೆ ಆರು ಇನಿಂಗ್ಸ್ ಎಸೆದು, 10 ಸ್ಟ್ರೈಕ್‌ಔಟ್ ಮಾಡಿ, ಮೂರು ಹೋಮ್ ರನ್‌ಗಳನ್ನೂ ಹೊಡೆದರು. ಅಂಥ ಒಂದು ದಿನ ರೂತ್‌ರ ಲೆಕ್ಕದಲ್ಲಿ ಇಲ್ಲ. ನೀಗ್ರೋ ಲೀಗ್‌ಗಳಲ್ಲಿ ಬುಲೆಟ್ ರೋಗನ್, ಮಾರ್ಟಿನ್ ಡಿಹಿಗೋ ಎರಡೂ ಕೆಲಸವನ್ನು ವರ್ಷಗಟ್ಟಲೆ ಮಾಡಿದರು. 'ರೂತ್ ಒಬ್ಬರೇ' ಎಂಬ ಮಾತು ಅವರ ಕಾಲಕ್ಕೂ ನಿಜವಾಗಿರಲಿಲ್ಲ.

ಗಿಬ್ಸನ್ ಅಂಕಿಯನ್ನು ಓದುವ ಬಗೆ

ಹೊಸ ಪಟ್ಟಿಯಲ್ಲಿ ಗಿಬ್ಸನ್ ಬ್ಯಾಟಿಂಗ್ ಸರಾಸರಿ 0.372, ಕಾಬ್ 0.367. ಸ್ಲಗಿಂಗ್‌ನಲ್ಲಿ ಗಿಬ್ಸನ್ 0.718, ರೂತ್ 0.690. ಒಪಿಎಸ್ 1.177 ಮತ್ತು 1.164. ನೀಗ್ರೋ ಲೀಗ್ ಆಟಗಾರರಿಗೆ ಜೀವಮಾನದ ಪಟ್ಟಿ ಸೇರಲು 1,800 ಬ್ಯಾಟಿಂಗ್ ಅವಕಾಶಗಳ ಮಿತಿ ಇಡಲಾಗಿದೆ, ಉಳಿದವರಿಗೆ 5,000.

ಈ ಎರಡು ಮಿತಿಗಳೇ ಕೆಲವರ ಸಿಟ್ಟಿಗೆ ಕಾರಣ. ಆದರೆ ನೀಗ್ರೋ ಲೀಗ್ ತಂಡಗಳ ವರ್ಷದಲ್ಲಿ ಲೀಗ್ ಪಂದ್ಯಗಳು 60ರಿಂದ 80. ಹೊಟ್ಟೆಪಾಡಿಗೆ ಆಡುತ್ತಿದ್ದ ಊರೂರು ತಿರುಗುವ ಪ್ರದರ್ಶನ ಪಂದ್ಯಗಳು ಲೆಕ್ಕಕ್ಕೇ ಬಂದಿಲ್ಲ. ಸಣ್ಣ ಋತುವಿನ ಅಂಕಿ ಬೇಡವೆನ್ನುವವರು 2020ರ ಕೋವಿಡ್ ವರ್ಷದ 60 ಪಂದ್ಯಗಳ ಋತುವನ್ನು ಪ್ರಶ್ನೆಯಿಲ್ಲದೆ ಒಪ್ಪಿಕೊಂಡಿದ್ದಾರೆ ಎಂಬುದನ್ನೂ ನೆನಪಿಡಬೇಕು.

ಸರಿಯಾದ ಆಕ್ಷೇಪ ಬೇರೆ ಇದೆ, ಅದು ಅಂಕಿಶಾಸ್ತ್ರದ್ದು. ಗಿಬ್ಸನ್‌ರ ದಾಖಲಿತ ಅವಕಾಶಗಳು 2,200ರ ಆಸುಪಾಸು, ಕಾಬ್‌ರವು 11,400ಕ್ಕೂ ಹೆಚ್ಚು. 2,200 ಅವಕಾಶಗಳಲ್ಲಿ 0.372 ಎಂದರೆ ಅದೃಷ್ಟದ ಏರಿಳಿತವೊಂದರಿಂದಲೇ 0.010ರಷ್ಟು ಆಚೀಚೆಯಾಗುವುದು ಸಹಜ. ಕಾಬ್ ಜೊತೆಗಿನ ಅಂತರ 0.005. ಅಂದರೆ 'ಗಿಬ್ಸನ್ ಕಾಬ್‌ಗಿಂತ ಉತ್ತಮ ಬ್ಯಾಟರ್ ಎಂದು ಸಾಬೀತಾಯಿತು' ಎನ್ನುವುದೂ ತಪ್ಪು, 'ಇದು ಬರೀ ಮಾತಿನ ಗೌರವ' ಎನ್ನುವುದೂ ತಪ್ಪು. ಇಬ್ಬರೂ ಒಂದೇ ಮೆಟ್ಟಿಲಿನವರು ಎಂಬಷ್ಟನ್ನು ಅಂಕಿ ಧೈರ್ಯವಾಗಿ ಹೇಳುತ್ತದೆ. ಗಿಬ್ಸನ್ ಅದನ್ನು ಮಂಡಿಯೂರಿ ಚೆಂಡು ಹಿಡಿಯುವ, ದೇಹ ಸವೆಸುವ ಕ್ಯಾಚರ್ ಸ್ಥಾನದಲ್ಲಿ ಆಡುತ್ತಾ ಮಾಡಿದರು. 1947ರ ಜನವರಿಯಲ್ಲಿ, ರಾಬಿನ್ಸನ್ ಕಣಕ್ಕಿಳಿಯುವ ಮೂರು ತಿಂಗಳ ಮೊದಲು, 35ರ ವಯಸ್ಸಿನಲ್ಲಿ ತೀರಿಕೊಂಡರು.

ಹಾಗಾದರೆ ತೀರ್ಪೇನು? ತಮ್ಮ ಕಾಲದವರಿಗಿಂತ ಎಷ್ಟು ಮುಂದಿದ್ದರು ಎಂಬ ಪ್ರಶ್ನೆಗೆ ರೂತ್‌ಗೆ ಸಾಟಿ ಇಲ್ಲ. ಕ್ರಿಕೆಟ್‌ನಲ್ಲಿ ಬ್ರಾಡ್ಮನ್‌ರ 99.94 ಇರುವಂತೆ. ಬ್ರಾಡ್ಮನ್ ಕೂಡ ಟೆಸ್ಟ್ ಆಡಿದ್ದು ಆಸ್ಟ್ರೇಲಿಯಾ, ಇಂಗ್ಲೆಂಡ್ ಎರಡೇ ದೇಶಗಳಲ್ಲಿ, 52ರಲ್ಲಿ 37 ಒಂದೇ ಎದುರಾಳಿಯ ವಿರುದ್ಧ. ಆಟದ ದಿಕ್ಕನ್ನೇ ಬದಲಿಸಿದವರು ಯಾರು ಎಂದರೂ ರೂತ್. ಆದರೆ ಅತಿ ಕಠಿಣ ಎದುರಾಳಿಗಳ ನಡುವೆ ಅತ್ಯುತ್ತಮ ಆಟ ಯಾರದ್ದು ಎಂದು ಕೇಳಿದರೆ ಮೇಸ್, ಆರನ್, ಒಟಾನಿ ಹೆಸರುಗಳು ಮೊದಲು ಬರಬೇಕು. ಹಾಳೂರಿನ ಗೌಡ ಎಂಬ ಬಿರುದು ರೂತ್‌ಗೆ ಒಪ್ಪುವುದಿಲ್ಲ, ಊರು ಹಾಳಾಗಿರಲಿಲ್ಲ. ಊರಿನ ಒಂದು ಕೇರಿಗೆ ಬೇಲಿ ಹಾಕಿದ್ದರು.

ಆ ಕೇರಿಯ ಲೆಕ್ಕ ಇನ್ನೂ ಮುಗಿದಿಲ್ಲ. 1920ರಿಂದ 1948ರವರೆಗಿನ ನೀಗ್ರೋ ಲೀಗ್ ದಾಖಲೆಗಳಲ್ಲಿ ಸುಮಾರು ಮುಕ್ಕಾಲು ಪಾಲು ಮಾತ್ರ ಸಿಕ್ಕಿವೆ ಎಂದು 2024ರಲ್ಲಿ ಪರಿಶೀಲನಾ ಸಮಿತಿ ಹೇಳಿತ್ತು. ಹಳೆಯ ಪತ್ರಿಕೆಗಳಲ್ಲಿ ಹೊಸದೊಂದು ಸ್ಕೋರ್ ಪಟ್ಟಿ ಸಿಕ್ಕಾಗಲೆಲ್ಲ ಗಿಬ್ಸನ್‌ರ 0.372 ಕೂದಲೆಳೆಯಷ್ಟು ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ. ರೂತ್‌ರ 0.690 ಇದ್ದಲ್ಲೇ ಇರುತ್ತದೆ.